ನಂಬದವರ ಆಚಾರ

ಸಿಂಗಪುರ ಭೂಮಧ್ಯರೇಖೆಯಿಂದ ಒಂದೂವರೆ ಡಿಗ್ರಿಯಷ್ಟೂ ದೂರವಿಲ್ಲದ ಊರು. ವರ್ಷದ ಹನ್ನೆರಡು ತಿಂಗಳೂ ಅಲ್ಲಿ ಅದೇ ಸೆಕೆ, ಅದೇ ಮಳೆ. ಇಂಥ ಊರಿನಲ್ಲಿ, ಹತ್ತನೆಯ ಮಹಡಿಯ ಮೊಗಸಾಲೆಯಲ್ಲಿ ಪ್ಲಾಸ್ಟಿಕ್ ಸ್ಟೂಲೊಂದನ್ನು ಹಾಕಿಕೊಂಡು, ಕತ್ತಿನ ಬೆವರು ಒರೆಸಿಕೊಳ್ಳುತ್ತ, ದಪ್ಪ ಉಣ್ಣೆಯ ಸ್ವೆಟರಿನ ಕೆಲಸದಲ್ಲಿ ಮುಳುಗಿದ್ದ ಮುದುಕಿಯೊಬ್ಬಳನ್ನು ಕಂಡಾಗ ನನಗೆ ನಗು ಬಂದದ್ದು ಸಹಜವೆಂದು ಓದುಗರು ಒಪ್ಪಿಯಾರು. ಹೋದ ಬೇಸಗೆಯ ರಜೆಯಲ್ಲಿ ನಾನು ಅಲ್ಲಿರುವ ತಂಗಿಯ ಮನೆಯಲ್ಲಿ ಆರು ವಾರ ಇದ್ದೆ. ಈ ಚೀನೀ ಅಜ್ಜಿ ಪಕ್ಕದ ಮನೆಯವಳು. ಮಗಳು, ಮೊಮ್ಮಗಳು, ತಾನು, ಹೀಗೆ ಮೂವರು ಹೆಂಗಸರ ಸಂಸಾರ. ತಾಯಿಯ ತಾಯಿಯನ್ನು ಕ್ಯಾಂಟನೀಸ್ ಮಾತಿನಲ್ಲಿ ‘ಪೋಪೋ’ ಎನ್ನುತ್ತಾರಂತೆ; ನನ್ನ ತಂಗಿಯ ಮಕ್ಕಳಿಗೂ ಆಕೆ ಪೋಪೋನೇ.

ಕೆಲಸದಲ್ಲಿ ಮುಳುಗಿದ್ದಳು ಎಂದೆ; ಆದರೆ ಮೊದಲ ವಾರವೆಲ್ಲ ಆಕೆ ಮಾಡಿದ್ದು ಹೆಣೆಯುವ ಕೆಲಸವಲ್ಲ, ಬಿಚ್ಚುವ ಕೆಲಸ. ನಲವತ್ತು ವರ್ಷದ ಕೆಳಗೆ ಮಗಳು ಓದಲೆಂದು ಇಂಗ್ಲೆಂಡಿಗೆ ಹೊರಟಾಗ ಹೆಣೆದುಕೊಟ್ಟಿದ್ದ ಕಡುನೀಲಿ ಸ್ವೆಟರು ಅದು. ಅದರ ಒಂದು ತುದಿಯನ್ನು ಹುಡುಕಿ ಎಳೆದು, ಸಾಲು ಸಾಲಾಗಿ ಬಿಚ್ಚಿ, ಕುರ್ಚಿಯ ಬೆನ್ನಿಗೆ ಸುತ್ತಿ ಲಡಿ ಮಾಡಿ, ಬೆಚ್ಚನೆಯ ನೀರಿನಲ್ಲಿ ಅದ್ದಿ, ಬಟ್ಟೆ ಒಣಹಾಕುವ ಬಿದಿರ ಗಳುವಿಗೆ ತೂಗಿಹಾಕುತ್ತಿದ್ದಳು. ಕೆಳತುದಿಗೆ ಒಂದು ಭಾರ. ನಲವತ್ತು ವರ್ಷ ಕುಣಿಕೆಯಾಗಿಯೇ ಇದ್ದ ನೂಲು ಬಿಚ್ಚಿದ ಮೇಲೂ ಗುಂಗುರು ಗುಂಗುರಾಗಿಯೇ ಇರುತ್ತದೆ. ನೀರು, ಭಾರ ಎರಡೂ ಸೇರಿ ಅದನ್ನು ಮೆಲ್ಲಗೆ ನೆಟ್ಟಗೆ ಮಾಡುತ್ತವೆ. ಆಮೇಲೆ ಉಂಡೆ. ಆಮೇಲೆ ಕಡ್ಡಿ. ಮೊಮ್ಮಗಳ ಗಂಡನಾಗುವವನಿಗೆ ಮೆಲ್ಬರ್ನಿನಲ್ಲಿ ಕೆಲಸ ಸಿಕ್ಕಿತ್ತು. ಅಲ್ಲಿ ಜೂನ್ ಜುಲೈ ಎಂದರೆ ಚಳಿಗಾಲ. ನನ್ನ ನಗುವಿಗೆ ಉತ್ತರ ಅಷ್ಟು ಸುಲಭವಾಗಿ ಸಿಕ್ಕಿತು.

ಹೊಸ ಉಣ್ಣೆ ಕೊಳ್ಳಲಾಗದ ಬಡತನವೇನೂ ಆ ಮನೆಯಲ್ಲಿರಲಿಲ್ಲ. ಆದರೆ ಬಿಚ್ಚಿ ಮತ್ತೆ ಹೆಣೆಯುವುದು ಆ ತಲೆಮಾರಿನ ಚೀನೀ ಹೆಂಗಸರಿಗೆ ಉಸಿರಾಟದಷ್ಟು ಸಹಜ. ಚೀನಾ ದೇಶದಲ್ಲಿಯೇ 1960 ಮತ್ತು 70ರ ದಶಕಗಳಲ್ಲಿ, ಉಣ್ಣೆಗೆ ಬರವಿದ್ದಾಗ, ಕಾರ್ಖಾನೆಯಲ್ಲಿ ಕೆಲಸಗಾರರಿಗೆ ಕೊಡುತ್ತಿದ್ದ ಬಿಳಿಯ ಹತ್ತಿಯ ಕೈಗವಸುಗಳನ್ನು ಕೂಡಿಹಾಕಿ, ಬಿಚ್ಚಿ, ಆ ನೂಲಿನಿಂದ ಮಕ್ಕಳಿಗೆ ಅಂಗಿ ಹೆಣೆಯುತ್ತಿದ್ದರು. ಮನೆಯ ದೊಡ್ಡ ಮಗನ ಸ್ವೆಟರು ಎರಡನೆಯವನದಾಗಿ, ಅದು ಮತ್ತೆ ಮೂರನೆಯವಳ ಕಾಲುಚೀಲವಾಗಿ ಮುಗಿಯುತ್ತಿತ್ತು.

ನಾನು ಇದನ್ನು ಚೀನೀಯರ ಪ್ರಾಚೀನ ಕಲೆಯೆಂದೇ ತಿಳಿದಿದ್ದೆ. ಹಾಗಲ್ಲ. ರೇಷ್ಮೆಯ ನೇಯ್ಗೆಯಲ್ಲಿ ಸಾವಿರಾರು ವರ್ಷದ ಹಿರಿತನವುಳ್ಳ ಆ ಜನಕ್ಕೆ ಎರಡು ಕಡ್ಡಿಯ ಉಣ್ಣೆಯ ಹೆಣಿಗೆ ಬಂದದ್ದು ಹತ್ತೊಂಬತ್ತನೆಯ ಶತಮಾನದಲ್ಲಿ, ಬಂದರು ಪಟ್ಟಣಗಳಿಗೆ ಬಂದ ಐರೋಪ್ಯರಿಂದ. 1920 ಮತ್ತು 30ರ ದಶಕಗಳ ಶಾಂಘೈಯಲ್ಲಿ ಅದು ಷೋಕಿಯಾಯಿತು. ಇಂದಿಗೂ ಹೆಸರಾಗಿರುವ ಹೆಂಗ್‌ಯುವಾನ್‌ಶಿಯಾಂಗ್ ಎಂಬ ಉಣ್ಣೆಯ ಅಂಗಡಿ ಅಲ್ಲಿ ತೆರೆದದ್ದು 1927ರಲ್ಲಿ. ಅದೇ 1927ರ ಡಿಸೆಂಬರಿನಲ್ಲಿ, ಅದೇ ಊರಿನಲ್ಲಿ, ಚಿಯಾಂಗ್ ಕೈ ಶೇಕ್ ಸೂಂಗ್ ಮೇಲಿಂಗಳನ್ನು ಮದುವೆಯಾದ; ವಧು ಉಟ್ಟದ್ದು ಬಿಳಿಯ ನಿಲುವಂಗಿ. ಚೀನೀ ಸಂಪ್ರದಾಯದಲ್ಲಿ ಬಿಳಿ ಸಾವಿನ ಬಣ್ಣ, ಮದುವೆಗೆ ಕೆಂಪು. ಇಂದು ಆ ಬಿಳಿಯ ಅಂಗಿಯಿಲ್ಲದ ಚೀನೀ ಮದುವೆ ನಗರಗಳಲ್ಲಿ ಅಪರೂಪ. ಬೆಳಗ್ಗೆ ಕೆಂಪು, ರಾತ್ರಿ ಔತಣಕ್ಕೆ ಬಿಳಿ. ಅಜ್ಜಿಗೆ ಎರಡೂ ‘ನಮ್ಮ ಪದ್ಧತಿ’ಯೇ. ಸಂಪ್ರದಾಯಕ್ಕೆ ವಯಸ್ಸಾಗಲು ನಾವು ತಿಳಿದಷ್ಟು ಕಾಲ ಬೇಕಾಗುವುದಿಲ್ಲ. ಮೂರು ತಲೆಮಾರು ಸಾಕು.

ಇನ್ನು ಮದುವೆಯ ಮಾತು. ಮೊಮ್ಮಗಳಿಗೆ ಮದುವೆಯಾಗಿ ಆಗಲೇ ಎಂಟು ತಿಂಗಳಾಗಿತ್ತು! ಸಿಂಗಪುರದಲ್ಲಿ ಮೊದಲು ನೋಂದಣಿ ಕಚೇರಿಯಲ್ಲಿ ಸಹಿ ಹಾಕಿ, ಆಮೇಲೆ ಕೆಲವು ತಿಂಗಳೋ ವರ್ಷವೋ ಬಿಟ್ಟು ಶಾಸ್ತ್ರದ ಮದುವೆ ಮಾಡಿಕೊಳ್ಳುವುದು ಸಾಮಾನ್ಯ. ಅಲ್ಲಿ ಬಹುಮಂದಿ ವಾಸಿಸುವುದು ಸರಕಾರದ ವಸತಿ ಮಂಡಳಿ ಕಟ್ಟಿದ ಮನೆಗಳಲ್ಲಿ. ಮನೆ ಸಿಗುವ ಹೊತ್ತೂ ಸಹಿಯ ಹೊತ್ತೂ ಒಂದಕ್ಕೊಂದು ಗಂಟುಬಿದ್ದಿವೆ. ಕಾಯಿದೆಯ ಕಣ್ಣಿನಲ್ಲಿ ಈ ಹುಡುಗಿ ಹೆಂಡತಿ. ಅಜ್ಜಿಯ ಕಣ್ಣಿನಲ್ಲಿ ಇನ್ನೂ ಕನ್ಯೆ. ಗಂಡ ಸಂಜೆ ಬಂದರೆ ಒಂಬತ್ತು ಗಂಟೆಗೆ ಅಜ್ಜಿ ಕೆಮ್ಮಿದರೆ ಅವನು ಎದ್ದು ಹೋಗಬೇಕು. ಮೊಮ್ಮಗಳು ಇದನ್ನು ನಗುತ್ತಲೇ ಹೇಳಿದಳು. ಆಕೆ ಓದಿದವಳು, ಎಂಜಿನಿಯರ್. ದೇವರು, ಪಿತೃಗಳು ಯಾವುದನ್ನೂ ನಂಬುವವಳಲ್ಲ. ಹುಡುಗನ ಮನೆಯವರು ಕ್ರೈಸ್ತರು. ಹೀಗಿರುವಾಗ ಅಜ್ಜಿ ಶಾಸ್ತ್ರದ ಪಟ್ಟಿ ಹಿಡಿದು ಕುಳಿತಿದ್ದಳು: ಹುಡುಗನ ಕಡೆಯಿಂದ ಉಡುಗೊರೆಯ ಬುಟ್ಟಿಗಳು ಬರಬೇಕು, ಮಂಚ ಹಾಕುವ ಶಾಸ್ತ್ರವಾಗಬೇಕು, ಹಿಂದಿನ ರಾತ್ರಿ ತಲೆ ಬಾಚುವುದಾಗಬೇಕು, ಬೆಳಗ್ಗೆ ಹಿರಿಯರಿಗೆ ಚಹ ಕೊಡಬೇಕು. ಬಾಗಿಲಲ್ಲಿ ವಧುವಿನ ಗೆಳತಿಯರು ವರನನ್ನು ತಡೆದು ಹುಳಿ, ಸಿಹಿ, ಕಹಿ, ಖಾರ ತಿನ್ನಿಸಿ ಗೋಳುಹೊಯ್ದುಕೊಳ್ಳುವ ಆಟವೂ ಉಂಟು; ಅದರಲ್ಲಿ ನನಗೆ ಅಷ್ಟು ರುಚಿ ಕಾಣಲಿಲ್ಲ.

ಒಂದು ಸಂಜೆ ಆ ಹುಡುಗಿ ನನ್ನನ್ನು ನೇರವಾಗಿ ಕೇಳಿದಳು: “ಅಂಕಲ್, ನೀವು ಕಾಲೇಜಿನಲ್ಲಿ ಪಾಠ ಹೇಳುವವರು. ನಂಬಿಕೆಯಿಲ್ಲದೆ ಮಂಡಿಯೂರಿದರೆ ಅದು ಸುಳ್ಳು ಹೇಳಿದಂತಲ್ಲವೆ?”

ನಾನು ತಕ್ಷಣ ಹೌದು ಎನ್ನುತ್ತಿದ್ದೆ. ಏಕೆಂದರೆ ಅದು ನನ್ನದೇ ಪ್ರಶ್ನೆ, ನನ್ನದೇ ಉತ್ತರ. ಮೂವತ್ತನೆಯ ವಯಸ್ಸಿನಲ್ಲಿ ನಾನು ತಂದೆಯ ತಿಥಿ ಮಾಡುವುದನ್ನು ಬಿಟ್ಟವನು. ಪಿಂಡ ಎಲ್ಲಿಗೂ ಹೋಗಿ ಮುಟ್ಟುವುದಿಲ್ಲವೆಂದು ತಿಳಿದೂ ಮುಟ್ಟಿದಂತೆ ನಟಿಸುವುದು ಬುದ್ಧಿಗೂ ತಂದೆಗೂ ಅವಮಾನವೆಂದು ಅಮ್ಮನಿಗೆ ವಿವರಿಸಿದ್ದೆ. ಅಮ್ಮ ವಾದಿಸಲಿಲ್ಲ. ಆ ದಿನ ಬಂದಾಗ ಒಂದು ಹೊತ್ತು ಊಟ ಬಿಡುತ್ತಾಳೆ, ಅಷ್ಟೆ. ಆದರೆ ಹುಡುಗಿಗೆ ನಾನು ಹೌದೆನ್ನಲಿಲ್ಲ. ಎದುರಿಗೆ ಬಾಗಿಲ ಪಕ್ಕದಲ್ಲಿ ನೀಲಿಯ ನೂಲು ಭಾರ ಕಟ್ಟಿಕೊಂಡು ತೂಗುತ್ತಿತ್ತು. ಯೋಚಿಸುತ್ತೇನೆ ಎಂದೆ.

ಯೋಚನೆಗೆ ಚೀನಾದ ಚರಿತ್ರೆಯೇ ಬೇಕಾದಷ್ಟು ಸಾಮಗ್ರಿ ಒದಗಿಸುತ್ತದೆ. ಆಚಾರವೆಂಬುದು ನಂಬಿಕೆಯ ಸಾಕ್ಷಿಯೋ ಬರಿಯ ಮರ್ಯಾದೆಯೋ ಎಂಬ ಪ್ರಶ್ನೆಯ ಮೇಲೆ ಒಮ್ಮೆ ಚಕ್ರವರ್ತಿಯೂ ಪೋಪನೂ ಜಗಳವಾಡಿದ್ದುಂಟು. 1610ರಲ್ಲಿ ಪೀಕಿಂಗಿನಲ್ಲಿ ತೀರಿಕೊಂಡ ಜೆಸ್ವಿಟ್ ಪಾದ್ರಿ ಮತ್ತೇಯೋ ರಿಚ್ಚಿ, ಚೀನೀಯರು ತಮ್ಮ ಹಿರಿಯರ ಫಲಕದ ಮುಂದೆ ಬಾಗುವುದು ಪೂಜೆಯಲ್ಲ, ಕೃತಜ್ಞತೆಯ ನಡವಳಿಕೆ. ಕ್ರೈಸ್ತನಾದವನೂ ಅದನ್ನು ಮಾಡಬಹುದು ಎಂಬ ನಿಲುವಿನವನಾಗಿದ್ದ. ಬೇರೆ ಪಂಗಡದ ಪಾದ್ರಿಗಳು ಒಪ್ಪಲಿಲ್ಲ. ನೂರು ವರ್ಷ ವಾದ ನಡೆಯಿತು. 1704ರಲ್ಲಿ, ಮತ್ತೆ 1715ರಲ್ಲಿ ಪೋಪ್ ಹನ್ನೊಂದನೆಯ ಕ್ಲೆಮೆಂಟ್ ಆ ಆಚಾರಗಳನ್ನು ನಿಷೇಧಿಸಿದ. ತನ್ನ ದೇಶದ ನಡವಳಿಕೆಯ ಅರ್ಥವನ್ನು ಹೊರಗಿನವರು ತನಗೆ ಹೇಳಿಕೊಡುವುದೇ ಎಂದು ಸಿಟ್ಟಾದ ಕಾಂಗ್‌ಶೀ ಚಕ್ರವರ್ತಿ 1721ರಲ್ಲಿ ಧರ್ಮಪ್ರಚಾರವನ್ನೇ ನಿಷೇಧಿಸಿದ. ರೋಮ್ ತನ್ನ ನಿಷೇಧವನ್ನು ಸಡಿಲಿಸಿದ್ದು 1939ರಲ್ಲಿ. ಇನ್ನೂರು ವರ್ಷಕ್ಕೂ ಮಿಕ್ಕು ಎಷ್ಟೋ ಮನೆಗಳಲ್ಲಿ ತಂದೆಗೂ ಮಗನಿಗೂ ನಡುವೆ ಈ ಪ್ರಶ್ನೆ ಗೋಡೆಯಾಗಿ ನಿಂತಿರಬೇಕು. ಪಕ್ಕದ ಮನೆಯಲ್ಲಿಯೂ ಅದರ ನೆರಳಿತ್ತು: ಹುಡುಗನ ತಾಯಿ ಚಹಕ್ಕೆ ಒಪ್ಪಿದರು, ಊದುಬತ್ತಿಗೆ ಒಪ್ಪಲಿಲ್ಲ. ಅಜ್ಜಿ ಎರಡು ದಿನ ಮುಖ ಊದಿಸಿಕೊಂಡಿದ್ದು, ಮೂರನೆಯ ದಿನ “ಅಜ್ಜನಿಗೆ ಹೊಗೆ ಆಗುತ್ತಲೂ ಇರಲಿಲ್ಲ” ಎಂದುಬಿಟ್ಟಳು.

ಕನ್‌ಫ್ಯೂಷಿಯಸನ ಬಗ್ಗೆಯೂ ಒಂದು ಕಥೆಯಿದೆ. ಅವನ ಕಾಲಕ್ಕೆ ಅಮಾವಾಸ್ಯೆಯ ಮರುದಿನದ ಒಂದು ರಾಜವಿಧಿ ಕೇವಲ ಹೆಸರಿಗೆ ಉಳಿದಿತ್ತು. ರಾಜನೇ ಬರುವುದನ್ನು ಬಿಟ್ಟಿದ್ದ, ಬಲಿಯ ಕುರಿ ಮಾತ್ರ ತಪ್ಪದೆ ಸಾಯುತ್ತಿತ್ತು. ತ್ಸಿಗೊಂಗ್ ಎಂಬ ಶಿಷ್ಯ ಕುರಿಯನ್ನಾದರೂ ಬಿಟ್ಟುಬಿಡೋಣವೆಂದಾಗ ಗುರು ಒಪ್ಪಲಿಲ್ಲ. ಕುರಿಯೂ ಹೋದರೆ ಅಂಥದೊಂದು ವಿಧಿಯಿತ್ತೆಂಬ ಗುರುತೇ ಅಳಿಸಿಹೋಗುತ್ತದೆಂಬುದು ಅವನ ಅಳಲೆಂದು ವ್ಯಾಖ್ಯಾನಕಾರರು ಹೇಳುತ್ತಾರೆ. ನನಗೆ ಗುರುವಿನ ಮೇಲೆ ಎಷ್ಟೇ ಗೌರವವಿದ್ದರೂ ಈ ವಿಷಯದಲ್ಲಿ ನಾನು ಕುರಿಯ ಪಕ್ಷ. ಆದರೆ ಮದುವೆಯ ಚಹದಲ್ಲಿ ಕುರಿ ಎಲ್ಲಿದೆ? ಸಾಯುವವರು ಯಾರು?

ಆ ಚಹದ ಕಥೆ ಬಲು ಸೊಗಸಾದದ್ದು. ಮಿಂಗ್ ವಂಶದ ಕಾಲದ ಬರಹಗಳಲ್ಲಿ ಅದಕ್ಕೆ ಕಾರಣ ಕೊಟ್ಟಿದ್ದಾರೆ: ಚಹದ ಗಿಡವನ್ನು ಬೀಜದಿಂದ ಬೆಳೆಸಬೇಕೇ ಹೊರತು ಕಿತ್ತು ಬೇರೆಡೆ ನೆಟ್ಟರೆ ಬದುಕದು, ಆದ್ದರಿಂದ ಅದು ಸ್ಥಿರತೆಯ ಗುರುತು. ಹೆಣ್ಣಿನ ಮನೆಯವರು ನಿಶ್ಚಿತಾರ್ಥವನ್ನು ಒಪ್ಪಿಕೊಳ್ಳುವುದಕ್ಕೆ ‘ಚಹ ತಿನ್ನುವುದು’ ಎಂಬ ಮಾತೇ ಬಂದಿತ್ತು. ನೀಲಗಿರಿಯಲ್ಲಿ, ನಮ್ಮ ಚಿಕ್ಕಮಗಳೂರಿನ ಕಡೆಯಲ್ಲಿ ಚಹದ ತೋಟ ನೋಡಿದವರಿಗೆ ಗೊತ್ತು. ಸಸಿಮಡಿಯಲ್ಲಿ ಬೆಳೆಸಿದ ಗಿಡಗಳನ್ನು ತಂದು ತೋಟದಲ್ಲಿ ನೆಟ್ಟೇ ಬೆಳೆಸುತ್ತಾರೆ, ಅವು ಸುಖವಾಗಿಯೇ ಬದುಕುತ್ತವೆ. ಅಂದರೆ ಈ ಆಚಾರದ ತಳಪಾಯವೇ ಸಸ್ಯಶಾಸ್ತ್ರದ ಒಂದು ತಪ್ಪು! ಆ ತಪ್ಪು ಗೊತ್ತಾದ ಮೇಲೆ ಯಾರಾದರೂ ಚಹ ಕೊಡುವುದನ್ನು ನಿಲ್ಲಿಸಿದರೇ? ಇಲ್ಲ. ಅಪ್ಪನ ಕೈಗೆ ಎರಡೂ ಕೈಯಿಂದ ಬಟ್ಟಲು ಕೊಡುವ ಮಗಳು ಅದರಿಂದ ಸಸ್ಯಶಾಸ್ತ್ರದ ಯಾವ ಸಿದ್ಧಾಂತವನ್ನೂ ಸಾರುತ್ತಿಲ್ಲ. ಸುಳ್ಳು ಎನ್ನಬೇಕಾದರೆ ಮೊದಲು ಒಂದು ಹೇಳಿಕೆಯಿರಬೇಕು. ನಮಸ್ಕಾರ ಹೇಳಿಕೆಯೇ?

ಚಹದ ಬಟ್ಟಲಿಗೆ ಕೆಂಪು ಖರ್ಜೂರದಂಥ ಒಂದು ಹಣ್ಣು, ತಾವರೆಯ ಬೀಜ, ಲಿಚಿಯ ದಾಯಾದಿಯಾದ ಲೊಂಗಾನ್ ಹಾಕುತ್ತಾರೆ. ಹಾಸಿಗೆಯ ಮೇಲೆ ಇವುಗಳ ಜೊತೆಗೆ ಕಡಲೆಕಾಯಿಯನ್ನೂ ಹರಡುತ್ತಾರೆ. ಈ ನಾಲ್ಕರ ಹೆಸರಿನಿಂದ ಒಂದೊಂದು ಅಕ್ಷರ ತೆಗೆದು ಸಾಲಾಗಿ ಹೇಳಿದರೆ ‘ಬೇಗ ಒಳ್ಳೆಯ ಮಗ ಹುಟ್ಟಲಿ’ ಎಂಬರ್ಥದ ಮಾತಿನಂತೆ ಕೇಳಿಸುತ್ತದಂತೆ. ವರ್ಷವೂ ತರಗತಿಯಲ್ಲಿ ಶ್ಲೇಷಾಲಂಕಾರವನ್ನು ಕಲಿಸಿ ಮಕ್ಕಳ ಆಕಳಿಕೆಯನ್ನು ಎಣಿಸುವ ನನಗೆ, ಶ್ಲೇಷೆಯನ್ನು ಬಟ್ಟಲಲ್ಲಿ ಹಾಕಿ ಕುಡಿಯುವ ಜನರ ಮೇಲೆ ಅಸೂಯೆಯಾಯಿತು. ಮಗನೇ ಏಕೆ, ಮಗಳು ಏಕಾಗಬಾರದು ಎಂದು ಮೊಮ್ಮಗಳು ಕೇಳಿದಾಗ ಅಜ್ಜಿ, ಮಗಳಿಗೆ ಹೊಂದುವ ಹಣ್ಣು ಸಿಕ್ಕಿದರೆ ಅದನ್ನೂ ಹಾಕೋಣ ಎಂದಳಂತೆ.

ಆಚಾರಕ್ಕೆ ಅರ್ಥ ಮುಖ್ಯವೋ ಆಕಾರ ಮುಖ್ಯವೋ ಎಂಬುದಕ್ಕೆ ಇನ್ನೊಂದು ವಿಚಿತ್ರ ಸಾಕ್ಷಿ 1960ರ ದಶಕದ ಕೊನೆಯದು. ಹಳೆಯ ಚೀನೀ ಮದುವೆಯಲ್ಲಿ ವಧೂವರರು ಮೂರು ಸಲ ಬಾಗುತ್ತಿದ್ದರು: ಭೂಮ್ಯಾಕಾಶಗಳಿಗೆ ಒಮ್ಮೆ, ತಂದೆತಾಯಿಗಳಿಗೆ ಒಮ್ಮೆ, ಒಬ್ಬರಿಗೊಬ್ಬರು ಒಮ್ಮೆ. ಸಾಂಸ್ಕೃತಿಕ ಕ್ರಾಂತಿಯ ವರ್ಷಗಳಲ್ಲಿ ಹಳೆಯ ಪದ್ಧತಿಗಳನ್ನೆಲ್ಲ ಸುಟ್ಟುಹಾಕಬೇಕೆಂದು ಕೆಂಪು ದಳದ ಹುಡುಗರು ಬೀದಿಗಿಳಿದಿದ್ದಾಗ, ಮದುವೆಯಾಗುವವರು ಏನು ಮಾಡಿದರು? ಮಾವೋ ಅವರ ಚಿತ್ರಪಟದ ಮುಂದೆ ನಿಂತು ಬಾಗಿದರು! ಆಕಾಶ ಹೋಯಿತು, ಭೂಮಿ ಹೋಯಿತು. ಬಾಗುವ ಬೆನ್ನು ಉಳಿಯಿತು. ಬದುಕಿನ ಒಂದು ದೊಡ್ಡ ತಿರುವಿನಲ್ಲಿ ಬರಿಯ ಸಹಿ ಹಾಕಿ ಎದ್ದುಹೋಗಲು ಮನುಷ್ಯನ ಮೈ ಒಪ್ಪುವುದಿಲ್ಲವೆಂದು ಕಾಣುತ್ತದೆ. ನಮ್ಮಲ್ಲಿಯೂ ಪುರೋಹಿತನನ್ನು ಬೇಡವೆಂದ ಕುವೆಂಪು ಮದುವೆಯನ್ನು ಕಚೇರಿಗೆ ಒಪ್ಪಿಸಿ ಸುಮ್ಮನಾಗಲಿಲ್ಲ. ಮಂತ್ರಮಾಂಗಲ್ಯವೆಂಬ ಇನ್ನೊಂದು ವಿಧಿಯನ್ನು ರೂಪಿಸಿ 1966ರಲ್ಲಿ ಮಗ ತೇಜಸ್ವಿಯವರ ಮದುವೆಯನ್ನು ಆ ಕ್ರಮದಲ್ಲಿ ನಡೆಸಿದರು. ನೂಲನ್ನು ಬಿಸುಡದೆ ಅಂಗಿಯನ್ನು ಬಿಚ್ಚಿದವರು ಅವರು.

ಇಲ್ಲಿಗೆ ನಿಲ್ಲಿಸಿದ್ದರೆ ನಾನು ಆಚಾರವನ್ನು ಹೊಗಳುವವರ ಗುಂಪಿಗೆ ಸೇರಿ ನೆಮ್ಮದಿಯಾಗಿರುತ್ತಿದ್ದೆ. ಆದರೆ ಆ ಬಟ್ಟಲಿಗೆ ಇನ್ನೊಂದು ಮುಖವಿದೆ. ಹಿಂದೆ ಶ್ರೀಮಂತ ಚೀನೀ ಮನೆಗೆ ಎರಡನೆಯವಳೋ ಮೂರನೆಯವಳೋ ಬಂದಾಗ, ಆಕೆ ಹಿರಿಯ ಹೆಂಡತಿಯ ಮುಂದೆ ಮಂಡಿಯೂರಿ ಚಹ ಕೊಡಬೇಕಿತ್ತು. ಹಿರಿಯವಳು ಕುಡಿದರೆ ಆಕೆ ಮನೆಗೆ ಸೇರಿದಂತೆ. ಕುಡಿಯುವವಳ ಗಂಟಲಲ್ಲಿ ಆ ಚಹ ಹೇಗೆ ಇಳಿದಿರಬೇಕು! ಸಿಂಗಪುರದಲ್ಲಿಯೇ ಇಪ್ಪತ್ತನೆಯ ಶತಮಾನದ ಮೊದಲ ದಶಕದಲ್ಲಿ ಸತ್ತ ಒಬ್ಬ ವರ್ತಕನ ಆಸ್ತಿಗಾಗಿ ಆರು ಮಂದಿ ಹೆಂಗಸರು ತಾವು ತಾವೇ ಅವನ ವಿಧವೆಯರೆಂದು ನ್ಯಾಯಾಲಯಕ್ಕೆ ಬಂದದ್ದು ‘ಆರು ವಿಧವೆಯರ ಮೊಕದ್ದಮೆ’ ಎಂದೇ ಪ್ರಸಿದ್ಧವಾಗಿದೆ. ಇಂಥ ಬಹುಪತ್ನೀತ್ವಕ್ಕೆ ಅಲ್ಲಿ ಕೊನೆಯಾದದ್ದು 1961ರಲ್ಲಿ ಜಾರಿಗೆ ಬಂದ ಮಹಿಳಾ ಸನ್ನದಿನಿಂದ. ಚೀನಾದಲ್ಲಿ 1950ರ ವಿವಾಹ ಕಾಯಿದೆಯಿಂದ. ಬಟ್ಟಲು ತಾನಾಗಿ ಅದನ್ನು ನಿಲ್ಲಿಸಲಿಲ್ಲ. ನಿಲ್ಲಿಸಿದ್ದು ಅಜ್ಜಿ ಲೆಕ್ಕಕ್ಕೇ ಇಡದ ಆ ಸಹಿ, ಆ ಕಚೇರಿ. ಕಚೇರಿಯ ಮದುವೆಯನ್ನು ಒಣಕಲೆಂದು ಹಳಿಯುವ ಮುನ್ನ ನಾವು ಇದನ್ನು ನೆನೆಯಬೇಕು.

ಪಕ್ಕದ ಮನೆಯಲ್ಲಿ ನಿಜವಾದ ತೊಡಕು ಬಂದದ್ದು ಎರಡು ಕಡೆ. ಒಂದು, ತಲೆ ಬಾಚುವ ಶಾಸ್ತ್ರ. ಮದುವೆಯ ಹಿಂದಿನ ರಾತ್ರಿ ವಧುವನ್ನು ಕೂರಿಸಿ ನಾಲ್ಕು ಸಲ ತಲೆ ಬಾಚುತ್ತಾರೆ, ಒಂದೊಂದಕ್ಕೂ ಒಂದೊಂದು ಹರಕೆ. ಬಾಚುವವಳು ‘ಒಳ್ಳೆಯ ಅದೃಷ್ಟದ’ ಹೆಂಗಸಾಗಿರಬೇಕು: ಗಂಡ ಬದುಕಿರಬೇಕು, ಮಕ್ಕಳಿರಬೇಕು, ಸಂಸಾರ ಒಡೆದಿರಬಾರದು. ನಮ್ಮ ಮುತ್ತೈದೆಯೇ, ಬೇರೇನಲ್ಲ. ಅಜ್ಜಿ ವಿಧವೆ. ವಧುವಿನ ತಾಯಿಯನ್ನು ಗಂಡ ಬಿಟ್ಟುಹೋಗಿ ಇಪ್ಪತ್ತು ವರ್ಷ. ಆ ಮನೆಯಲ್ಲಿ ಬಾಚಣಿಗೆ ಹಿಡಿಯುವ ಯೋಗ್ಯತೆ ಯಾರಿಗೂ ಇಲ್ಲ. ದೂರದ ನೆಂಟಳೊಬ್ಬಳನ್ನು ಕರೆಸುವ ಮಾತು ನಡೆಯುತ್ತಿತ್ತು. ಎರಡನೆಯದು, ಬಿಟ್ಟುಹೋದ ಆ ತಂದೆ. ಅವನಿಗೆ ಬೇರೆ ಸಂಸಾರವಿದೆ. ಅವನು ಬರುತ್ತೇನೆಂದು ಹೇಳಿಕಳಿಸಿದ್ದ. ಅವನಿಗೆ ಚಹ ಕೊಡಬೇಕೆ?

ಮೊಮ್ಮಗಳು ನನ್ನನ್ನು ಕೇಳಿದ್ದ ಪ್ರಶ್ನೆಯ ಹಿಂದೆ ಇದ್ದದ್ದು ದೇವರಲ್ಲ, ಪಿತೃಗಳಲ್ಲ, ಈ ಅಪ್ಪ. ಬೀದಿಯಲ್ಲಿ ಕಂಡರೆ ಮುಖ ತಿರುಗಿಸುವವನ ಮುಂದೆ ಎಲ್ಲರೆದುರಿಗೆ ಮಂಡಿಯೂರುವುದು. ಇದು ಸುಳ್ಳಲ್ಲದೆ ಮತ್ತೇನು? ಸಸ್ಯಶಾಸ್ತ್ರದ ಸಮಾಧಾನ ಇಲ್ಲಿ ನಡೆಯುವುದಿಲ್ಲವೆಂದು ನನಗೂ ಅರಿವಾಯಿತು.

ಅಜ್ಜಿ ಎರಡನ್ನೂ ಒಂದೇ ದಿನ ತೀರ್ಮಾನಿಸಿದಳು, ಹೆಣೆಯುವುದನ್ನು ನಿಲ್ಲಿಸದೆಯೇ. ಬಾಚಣಿಗೆ ಯಾರೂ ಹೊರಗಿನವರು ಹಿಡಿಯಬೇಕಾಗಿಲ್ಲ, ಹೆತ್ತವಳೇ ಬಾಚಲಿ. ಮಗಳು ‘ಅಪಶಕುನವಲ್ಲವೇನಮ್ಮಾ’ ಎಂದಾಗ ಅಜ್ಜಿ, “ಇಪ್ಪತ್ತೊಂಬತ್ತು ವರ್ಷ ಆ ತಲೆ ಬಾಚಿದವಳು ನೀನು, ಏನು ಅಪಶಕುನವಾಯಿತು?” ಎಂದು ಕೇಳಿದಳಂತೆ. ಇನ್ನು ತಂದೆಗೆ ಚಹ? ಅದರಲ್ಲಿ ಮಾತ್ರ ಆಕೆ ಜಗ್ಗಲಿಲ್ಲ. ತನ್ನ ಮಗಳ ಬಾಳನ್ನು ಹಾಳುಮಾಡಿದವನಿಗೆ ಮೊಮ್ಮಗಳು ಚಹ ಕೊಡಲೇಬೇಕೆಂದಳು. ನನ್ನ ತಂಗಿ ಬೆರಗಾಗಿ ಏಕೆಂದು ಕೇಳಿದಳು. ಮೊಮ್ಮಗಳೇ ಮನಸ್ಸಿಲ್ಲದ ಮನಸ್ಸಿನಿಂದ ಅನುವಾದಿಸಿದ ಉತ್ತರ: ಚಹ ಕೊಡುವುದು ಮಗಳ ಕೆಲಸ, ಅದನ್ನು ಕುಡಿಯುವ ಯೋಗ್ಯತೆ ತನಗಿದೆಯೋ ಎಂದು ನೋಡಿಕೊಳ್ಳುವುದು ಅವನ ಕೆಲಸ.

ಕನ್‌ಫ್ಯೂಷಿಯಸನ ಇನ್ನೊಂದು ಪ್ರಸಂಗ ನನಗೆ ಆಮೇಲೆ ಹೊಳೆಯಿತು. ವಿಧಿಯ ಪ್ರಕಾರ ಧರಿಸಬೇಕಾದದ್ದು ನಾರಿನ ಟೋಪಿ. ಅದರ ನೇಯ್ಗೆ ಬಹಳ ಶ್ರಮದ್ದು. ಜನ ಅದನ್ನು ಬಿಟ್ಟು ರೇಷ್ಮೆಯದನ್ನು ಹಾಕತೊಡಗಿದಾಗ ಅವನು ಅದು ಮಿತವ್ಯಯವೆಂದು ತಾನೂ ಹಾಗೆಯೇ ಮಾಡಿದ. ಆದರೆ ರಾಜನಿಗೆ ಜಗಲಿಯ ಕೆಳಗೆ ನಿಂತು ನಮಸ್ಕರಿಸಬೇಕಾದಲ್ಲಿ ಜನ ಮೇಲೇರಿ ನಮಸ್ಕರಿಸತೊಡಗಿದಾಗ, ಅದು ಅಹಂಕಾರವೆಂದು ಒಪ್ಪದೆ, ಒಬ್ಬನೇ ಆದರೂ ಕೆಳಗೇ ನಿಂತ. ಒಂದು ಬದಲಾವಣೆಗೆ ಹೌದು, ಇನ್ನೊಂದಕ್ಕೆ ಇಲ್ಲ. ಹಳೆಯದು ಹೊಸದು ಎಂಬುದು ಅವನ ಅಳತೆಗೋಲಾಗಿರಲಿಲ್ಲ. ಅಜ್ಜಿ ಈ ಗ್ರಂಥವನ್ನು ಓದಿದ್ದಾಳೆಂದು ನಾನು ಹೇಳುವುದಿಲ್ಲ. ಆಕೆ ಓದುವುದು ಔಷಧದ ಚೀಟಿಯನ್ನು. ಆದರೆ ಹೆಣಿಗೆ ಬಲ್ಲವರಿಗೆ ಒಂದು ವಿಷಯ ಗೊತ್ತಿರುತ್ತದೆ. ಬಣ್ಣ ಬದಲಿಸಬಹುದು, ತೋಳು ಗಿಡ್ಡ ಮಾಡಬಹುದು, ಕತ್ತಿನ ಆಕಾರ ಬೇರೆ ಮಾಡಬಹುದು. ಆದರೆ ಕಡ್ಡಿಯಿಂದ ಜಾರಿದ ಒಂದು ಕುಣಿಕೆಯನ್ನು ಎತ್ತಿಕೊಳ್ಳದೆ ಮುಂದೆ ಹೋದರೆ ಅದು ಕೆಳಗಿನವರೆಗೂ ಏಣಿಯಂತೆ ಬಿಚ್ಚಿಕೊಂಡು ಹೋಗುತ್ತದೆ.

ಮದುವೆಯ ಬೆಳಗ್ಗೆ ನಾನೂ ಹೋಗಿದ್ದೆ. ಬಾಗಿಲ ಮೇಲೆ ಜೋಡಿ ಸಂತೋಷದ ಕೆಂಪು ಅಕ್ಷರ. ಆನಂದವೆಂಬ ಒಂದೇ ಅಕ್ಷರವನ್ನು ಎರಡು ಸಲ ಅಂಟಿಸಿ ಬರೆಯುವುದು. ವಧುವಿನ ತಂದೆತಾಯಿ ಜೋಡಿ ಕುರ್ಚಿಗಳಲ್ಲಿ ಒಟ್ಟಿಗೆ ಕೂರುವುದು ಪದ್ಧತಿ. ಇಲ್ಲಿ ತಾಯಿಯ ಪಕ್ಕದ ಕುರ್ಚಿಯಲ್ಲಿ ಅಜ್ಜಿ ಕುಳಿತಳು. ವಧೂವರರು ಅವರಿಬ್ಬರಿಗೂ ಮಂಡಿಯೂರಿ ಚಹ ಕೊಟ್ಟರು. ಆಮೇಲೆ ಗೋಡೆಯ ಬದಿಯ ಕುರ್ಚಿಯಲ್ಲಿ ಒಬ್ಬನೇ ಕುಳಿತಿದ್ದ, ನರೆತ ಕೂದಲಿನ, ಅಂಗಿಯ ಗುಂಡಿಯನ್ನು ಮತ್ತೆ ಮತ್ತೆ ಮುಟ್ಟಿಕೊಳ್ಳುತ್ತಿದ್ದ ಒಬ್ಬನ ಮುಂದೆ ಹೋಗಿ ಹುಡುಗಿ ನಿಂತಳು. ಮಂಡಿಯೂರಲಿಲ್ಲ. ನಿಂತೇ, ತಲೆ ತುಸು ಬಾಗಿಸಿ, ಎರಡೂ ಕೈಯಿಂದ ಬಟ್ಟಲು ಕೊಟ್ಟಳು. ಕರೆಯಬೇಕಾದ ಕರೆಯನ್ನು ಕರೆದಳು. ಅವನು ಕುಡಿದು, ಕೆಂಪು ಲಕೋಟೆಯನ್ನಿತ್ತು, ಊಟಕ್ಕೆ ನಿಲ್ಲದೆ ಹೋದ. ಆ ಲಕೋಟೆಯನ್ನು ಆಕೆ ಉಳಿದವುಗಳ ಜೊತೆಗೆ ಸೇರಿಸದೆ ಬೇರೆ ಇಟ್ಟದ್ದನ್ನು ನಾನು ನೋಡಿದೆ. ಮಂಡಿಯೂರದೆ ಹೋದದ್ದಕ್ಕೆ ಅಜ್ಜಿ ಏನೂ ಅನ್ನಲಿಲ್ಲ. ಆ ಹುಡುಗಿ ಮಾಡಿದ್ದು ಕ್ಷಮೆಯೇ? ಅಲ್ಲವೆಂದು ಕಾಣುತ್ತದೆ. ಸುಳ್ಳೇ? ಅದೂ ಅಲ್ಲ. ನಾನು ಈಗಲೂ ಆ ಭಂಗಿಗೆ ಹೆಸರು ಹುಡುಕುತ್ತಿದ್ದೇನೆ.

ಆ ರಾತ್ರಿ ತಂಗಿಯ ಮನೆಯಲ್ಲಿ ಕುಳಿತು ನಾನು ಇದನ್ನೆಲ್ಲ ದೊಡ್ಡದಾಗಿ ವಿವರಿಸುತ್ತಿದ್ದೆ, ರಿಚ್ಚಿಯಿಂದ ಹಿಡಿದು. ತಂಗಿ ಪಾತ್ರೆ ತೊಳೆಯುತ್ತಿದ್ದವಳು ಕೈ ನಿಲ್ಲಿಸಿ ಕೇಳಿದಳು: “ಅಣ್ಣ, ನನ್ನ ಮದುವೇಲಿ ಧಾರೆ ಹೊತ್ತಿಗೆ ಅಮ್ಮ ಎಲ್ಲಿದ್ದಳು ಹೇಳು?”

ಅಮ್ಮ ಉಗ್ರಾಣದಲ್ಲಿದ್ದಳು. ತಾಂಬೂಲದ ತೆಂಗಿನಕಾಯಿ ಎಣಿಸುತ್ತಿದ್ದಳು. ಅಪ್ಪ ತೀರಿಕೊಂಡು ಆಗ ನಾಲ್ಕು ವರ್ಷ. ಧಾರೆ ಎರೆದದ್ದು ಚಿಕ್ಕಪ್ಪ, ಚಿಕ್ಕಮ್ಮ. ಮಂಟಪದ ಬಳಿಗೆ ಬರಲು ಅಮ್ಮನಿಗೆ ಯಾರೂ ಬೇಡವೆನ್ನಲಿಲ್ಲ. ಬಾ ಎಂದೂ ಯಾರೂ ಅನ್ನಲಿಲ್ಲ. ನಾನು ಆಗಲೇ ವಿಚಾರವಾದಿ. ತಿಥಿಯನ್ನು ಬಿಟ್ಟಾಗಿತ್ತು. ನನಗೆ ವರ್ಷಕ್ಕೊಂದು ದಿನ ರಜೆ ಹಾಕಿ, ಹಸಿದು, ಹೊಗೆಯಲ್ಲಿ ಕೂರಬೇಕಾಗಿದ್ದ ಆಚಾರವನ್ನು ನಾನು ಸತ್ಯದ ಹೆಸರಿನಲ್ಲಿ ಬಿಟ್ಟೆ. ಅಮ್ಮನನ್ನು ಉಗ್ರಾಣದಲ್ಲಿ ಕೂರಿಸಿದ ಆಚಾರವನ್ನು ನೆಂಟರ ಹೆಸರಿನಲ್ಲಿ ಉಳಿಸಿಕೊಂಡೆ. ಪಕ್ಕದ ಮನೆಯ ಮುದುಕಿ ಮಾಡಿದ್ದು ಇದಕ್ಕೆ ನೇರ ವಿರುದ್ಧ. ನಾನು ತಂಗಿಗೆ ಉತ್ತರ ಹೇಳಲಿಲ್ಲ. ಅವಳೂ ಮತ್ತೆ ಕೇಳಲಿಲ್ಲ, ನಲ್ಲಿ ತಿರುಗಿಸಿದಳು.

ನಾನು ಹೊರಡುವ ಹಿಂದಿನ ದಿನ ಸ್ವೆಟರು ಮುಗಿದಿತ್ತು. ಹಳೆಯ ನೀಲಿ ಸಾಲದೆ ಬಂದು, ತೋಳಿನ ಕೊನೆಯ ನಾಲ್ಕು ಬೆರಳಗಲಕ್ಕೆ ಹೊಸ ಉಣ್ಣೆ ತಂದಿದ್ದಳು. ಬಣ್ಣ ಎಷ್ಟು ಹುಡುಕಿದರೂ ಸರಿಹೋಗದೆ ಅಲ್ಲಿ ಒಂದು ಗೆರೆ ಕಾಣುತ್ತಿತ್ತು. ಅಜ್ಜಿ ಅದನ್ನು ನನಗೆ ತೋರಿಸಿ, ಕೈಮಡಿಚಿಕೊಂಡರೆ ಕಾಣುವುದಿಲ್ಲ ಎಂಬಂತೆ ತನ್ನ ತೋಳನ್ನೇ ಮಡಿಚಿ ತೋರಿಸಿದಳು.

ಬರುವ ಮಾಘದಲ್ಲಿ ಊರಿನಲ್ಲಿ ಅಣ್ಣನ ಮಗಳ ಮದುವೆ. ಮೊನ್ನೆ ಅಣ್ಣನ ಹತ್ತಿರ ಹೋಗಿ, ಧಾರೆಯ ಹೊತ್ತಿಗೆ ಅಮ್ಮ ಮಂಟಪದ ಮೇಲೆ ಇರಬೇಕು, ಮೊದಲ ಅಕ್ಷತೆ ಅಮ್ಮನದಾಗಬೇಕು, ಇಲ್ಲದಿದ್ದರೆ ನಾನು ಬರುವುದಿಲ್ಲ 	ಎಂದೆ. ಅಣ್ಣ ಬಹಳ ಹೊತ್ತು ಸುಮ್ಮನಿದ್ದು, “ತಿಥಿಗೆ ಬಾರದವನು ಈಗ ಶಾಸ್ತ್ರ ಹೇಳೋಕೆ ಬಂದೆಯಾ?” ಎಂದ. ಅವನ ಮಾತಿನಲ್ಲಿ ತಪ್ಪೇನೂ ಇರಲಿಲ್ಲ. ಈ ಸಲ ತಿಥಿಗೂ ಬರುತ್ತೇನೆ ಎಂದೆ. ಅಡಿಗೆಮನೆಯ ಬಾಗಿಲಲ್ಲಿ ನಿಂತು ಕೇಳುತ್ತಿದ್ದ ಅಮ್ಮ, “ಈ ವಯಸ್ಸಿನಲ್ಲಿ ನನಗ್ಯಾಕಪ್ಪ ಅದೆಲ್ಲ” ಎಂದು ಒಳಗೆ ಹೋದಳು. ಸ್ವಲ್ಪ ಹೊತ್ತಿನ ಮೇಲೆ ಕಾಫಿ ತಂದಿಟ್ಟು, ಯಾರ ಮುಖವನ್ನೂ ನೋಡದೆ ಕೇಳಿದಳು: “ಮಂಟಪದಲ್ಲಿ ನಾನು ಯಾವ ಕಡೆ ನಿಂತುಕೊಳ್ಳಬೇಕು?”